ನಡುವಿನ ಐತವಾರ ಎಲ್ಲಿ ಹೋತು?

“ಶನಿವಾರ ರಾತ್ರಿ ವಿಮಾನ ಹತ್ತತಾನಂತ, ಸೋಮವಾರ ನಸಿಕಿನಾಗ ಬೆಂಗಳೂರಾಗ ಇಳಿತಾನಂತ. ಹಂಗಾರ ನಡುವಿನ ಐತವಾರ ಎಲ್ಲಿ ಹೋತ್ರಿ ಮಾಸ್ತರ?”

ಒಂದೆರಡು ಜಾತ್ರೆಗಳ ಹಿಂದಿನ ಮಾತು. ಯಲಬುರ್ಗಾದ ನಮ್ಮ ಓಣಿಯ ಹಿರಿಯಮ್ಮ ಒಬ್ಬರು ಕಟ್ಟೆಯ ಮೇಲೆ ಕೂತು ಕೇಳಿದ ಪ್ರಶ್ನೆ ಇದು. ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಕೊಪ್ಪಳದ ಗವಿಮಠದ ಜಾತ್ರೆಗೆಂದು ಹೊರಟವನು ಟಿಕೆಟ್ಟಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಅಮ್ಮ ಅದನ್ನು ಯಾರಿಂದಲೋ ಓದಿಸಿಕೊಂಡು, ಬೆರಳು ಮಡಚಿ ಎಣಿಸಿ, ಒಂದು ದಿನ ಕಡಿಮೆ ಬೀಳುತ್ತಿದೆ ಎಂದು ಕಂಡುಹಿಡಿದಿದ್ದರು. ಎಷ್ಟೋ ವರ್ಷ ಭೂಗೋಳ ಪಾಠ ಮಾಡಿದವನು ನಾನು. ಇಷ್ಟು ಸರಿಯಾದ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಹೇಳಲು ಹೋಗಿ ಅವತ್ತು ಸಂಜೆಯೆಲ್ಲ ಕಟ್ಟೆಯ ಮೇಲೇ ಕಳೆಯಿತು.

ಲೆಕ್ಕಕ್ಕೆ ನಿಜವಾದ ಒಂದು ವಿಮಾನ ಬೇಕು. 2021ರ ಜನವರಿ 9, ಶನಿವಾರ, ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಹಾರಿಬಂತು. ಆ ದಾರಿಯಲ್ಲಿ ಅದೇ ಮೊದಲು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದ ನಾಲ್ವರೂ ಹೆಣ್ಣುಮಕ್ಕಳು ಎಂಬುದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ವೇಳಾಪಟ್ಟಿ ಹೀಗಿತ್ತು: ಅಲ್ಲಿಂದ ಶನಿವಾರ ರಾತ್ರಿ 8:30ಕ್ಕೆ ಹೊರಟು, ಇಲ್ಲಿ ಸೋಮವಾರ ನಸುಕಿನ 3:45ಕ್ಕೆ ಇಳಿಯುವುದು. ಅಮ್ಮನ ಮೊಮ್ಮಗನ ಟಿಕೆಟ್ಟಿನದೂ ಇದೇ ಕಥೆ.

ಚಳಿಗಾಲದಲ್ಲಿ ನಮ್ಮ ಗಡಿಯಾರ ಕ್ಯಾಲಿಫೋರ್ನಿಯಾದ ಗಡಿಯಾರಕ್ಕಿಂತ ಹದಿಮೂರೂವರೆ ತಾಸು ಮುಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಆದಾಗ ಯಲಬುರ್ಗಾದಲ್ಲಿ ಐತವಾರ ಮುಂಜಾನೆ ಹತ್ತು. “ನೀವು ಒಗ್ಗರಣೆ ಮಂಡಾಳು ತಿಂದು, ಸಂತಿಚೀಲ ಹುಡುಕೋ ಹೊತ್ತಿಗೆ ಅವ ಅಲ್ಲಿ ಮ್ಯಾಲೆ ಏರ್ತಾನ ಯವ್ವಾ” ಎಂದೆ. ಹತ್ತರಿಂದ ಮಧ್ಯರಾತ್ರಿಗೆ ಹದಿನಾಲ್ಕು ತಾಸು, ಅಲ್ಲಿಂದ ನಸುಕಿಗೆ ಮೂರೂಮುಕ್ಕಾಲು. ಒಟ್ಟು 17 ತಾಸು 45 ನಿಮಿಷ. ಐತವಾರ ಎಲ್ಲೂ ಕಳೆದಿರಲಿಲ್ಲ. ಅದು ವಿಮಾನದ ಸೀಟಿನ ಮೇಲೆ, ಮೊಣಕಾಲು ಚಾಚಲಾರದೆ ಮುಗಿದಿತ್ತು.

“ಹೋಗೂಮುಂದ?” ಎಂದರು.

ಹೋಗುವಾಗಿನದು ಇನ್ನೂ ಸೋಜಿಗ. ಅದೇ ವರ್ಷದ ವೇಳಾಪಟ್ಟಿಯಲ್ಲಿ ಬೆಂಗಳೂರಿನಿಂದ ಹೊರಡುವುದು ಮಧ್ಯಾಹ್ನ 2:30, ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ದಿನ ಸಂಜೆ 5:00. ಟಿಕೆಟ್ಟನ್ನಷ್ಟೇ ನೋಡಿದವರಿಗೆ ಅಮೆರಿಕ ಎರಡೂವರೆ ತಾಸಿನ ಹಾದಿ, ಯಲಬುರ್ಗಾದಿಂದ ಹುಬ್ಬಳ್ಳಿಗೆ ಹೋದಂತೆ. ಹದಿಮೂರೂವರೆ ತಾಸು ಕೂಡಿಸಿದರೆ ನಿಜವಾದ ಹಾರಾಟ ಹದಿನಾರು ತಾಸು. ಬರುವಾಗ ಮುಂಗಡ ಕಟ್ಟಿದ ಹೊತ್ತು ಹೋಗುವಾಗ ಹಾಗೇ ಕೈಗೆ ವಾಪಸ್ ಬರುತ್ತದೆ.

ಗಡಿಯಾರಗಳ ಈ ಅಂತರಕ್ಕೆ ಮೂಲ ಭೂಮಿಯ ತಿರುಗಾಟ. ಅದು ಒಂದು ಸುತ್ತಿಗೆ 24 ತಾಸು ತೆಗೆದುಕೊಳ್ಳುವುದರಿಂದ ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಇದು ಅಮೆರಿಕಕ್ಕೆ ಮಾತ್ರದ ಲೆಕ್ಕವಲ್ಲ. ನಮ್ಮ ಜಿಲ್ಲೆಯೊಳಗೇ ಗಂಗಾವತಿಯ ಸೂರ್ಯ ಯಲಬುರ್ಗಾದ ಸೂರ್ಯನಿಗಿಂತ ಹೆಚ್ಚುಕಡಿಮೆ ಎರಡು ನಿಮಿಷ ಮೊದಲು ಹುಟ್ಟುತ್ತಾನೆ. ದೇಶದ ಗಡಿಯಾರಕ್ಕೆ ಆಧಾರವಾದ ಗೆರೆ ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶ. ನಾವಿರುವುದು 76ರ ಆಸುಪಾಸು. ಹಾಗಾಗಿ ಕೊಪ್ಪಳದ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ವರ್ಷದ ಸರಾಸರಿಯಲ್ಲಿ 25 ನಿಮಿಷ ತಡ. ಇಡೀ ದೇಶಕ್ಕೆ ಒಂದೇ ಗಡಿಯಾರ ಇರಲಿ ಎಂದು ನಾವೇ ಒಪ್ಪಿಕೊಂಡ ಸುಳ್ಳು ಇದು. ವಿಮಾನ ಹತ್ತಿದಾಗ ಆ ಸುಳ್ಳು ಬಯಲಾಗುತ್ತದೆ, ಅಷ್ಟೇ.

ದಿನದ ಲೆಕ್ಕ ತಿಳಿದಮೇಲೆ ಅಮ್ಮ ದೂರಕ್ಕೆ ಬಂದರು. ಎಷ್ಟು ಹರದಾರಿ ಆಗಬಹುದು ಎಂದು ಕೇಳಿದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ, ಹತ್ತಿರ ಹತ್ತಿರ ಐದು ಕಿಲೋಮೀಟರು. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 14,000 ಕಿಲೋಮೀಟರು, ಅಂದರೆ 2,800 ಹರದಾರಿ. ಹೇಳಿದ್ದೇನೋ ಸರಿ. ಆದರೆ ಆಕಾಶದಲ್ಲಿ ‘ನೇರ’ ಎಂದರೇನು ಎಂಬುದನ್ನು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಶಾಲೆಯ ಗೋಡೆಯ ಮೇಲಿನ ಭೂಪಟ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅದರಲ್ಲಿ ಬೆಂಗಳೂರು ಬಲಕ್ಕೆ, ಸ್ಯಾನ್ ಫ್ರಾನ್ಸಿಸ್ಕೊ ಎಡತುದಿಗೆ. ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಯಾವ ಪೈಲಟ್ಟೂ ಆ ಗೆರೆ ಹಿಡಿಯುವುದಿಲ್ಲ. ಮನೆಯಲ್ಲಿ ಗ್ಲೋಬ್ ಇಲ್ಲದ ಕಾರಣ ನಾನು ದಾಳಿಂಬೆ ತರಿಸಿದೆ. ಕುಷ್ಟಗಿ, ಯಲಬುರ್ಗಾದ ಕಡೆ ಅದಕ್ಕೇನು ಬರ. ಹಣ್ಣಿನ ಕಿರೀಟ ಉತ್ತರ ಧ್ರುವ. ನಡುಮಟ್ಟಕ್ಕಿಂತ ತುಸು ಮೇಲೆ ಒಂದು ಗುಂಡುಸೂಜಿ, ಅದು ಬೆಂಗಳೂರು. ಹಣ್ಣು ತಿರುಗಿಸಿ, ಹೆಚ್ಚುಕಡಿಮೆ ಅದರ ಬೆನ್ನ ಹಿಂದೆ, ಇನ್ನೊಂದಿಷ್ಟು ಮೇಲೆ ಇನ್ನೊಂದು ಸೂಜಿ, ಅದು ಸ್ಯಾನ್ ಫ್ರಾನ್ಸಿಸ್ಕೊ. ಎರಡರ ನಡುವೆ ದಾರ ಕಟ್ಟಿ ಬಿಗಿಯಾಗಿ ಜಗ್ಗಿದರೆ ಅದು ಹಣ್ಣಿನ ಹೊಟ್ಟೆ ಸುತ್ತಿ ಹೋಗುವುದಿಲ್ಲ, ಜಾರಿ ಜಾರಿ ಕಿರೀಟದ ಹತ್ತಿರ ಹೋಗಿ ನಿಲ್ಲುತ್ತದೆ. ಭೂಗೋಳದವರು ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಅಮ್ಮ ದಾರವನ್ನು ಬೆರಳಿನಿಂದ ಕೆಳಗೆ ಒತ್ತಿ ನೋಡಿದರು, ಬಿಟ್ಟೊಡನೆ ಅದು ಮತ್ತೆ ಮೇಲೇರಿತು.

ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಅಮೆರಿಕಕ್ಕೆ ಈ ಬಿಗಿದಾರದ ಮೇಲೆ ಹೊರಟವನ ಮೂತಿ ಪಶ್ಚಿಮಕ್ಕೂ ಅಲ್ಲ, ಪೂರ್ವಕ್ಕೂ ಅಲ್ಲ, ಉತ್ತರದಿಂದ ಬರೀ 20 ಡಿಗ್ರಿ ಪೂರ್ವಕ್ಕೆ. ದಾರ ಟಿಬೆಟ್, ಚೀನ, ಸೈಬೀರಿಯ ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಆ ಕಡೆ ಇಳಿಯುತ್ತದೆ. ನಾವು ‘ಪಶ್ಚಿಮದ ದೇಶ’ ಎನ್ನುವ ಊರಿಗೆ ಹತ್ತಿರದ ದಾರಿ ಇರುವುದು ಉತ್ತರದಲ್ಲಿ. ಇನ್ನೊಂದು ಲೆಕ್ಕ ನನಗೇ ನಂಬಲಾಗಲಿಲ್ಲ: ಈ ದಾರಿ ಬಿಟ್ಟು ಸರಿಯಾಗಿ ಉತ್ತರ ಧ್ರುವದ ನೆತ್ತಿಯ ಮೇಲೇ ಹಾದುಬಂದರೂ ಹೆಚ್ಚಾಗುವುದು 380 ಕಿಲೋಮೀಟರಿನಷ್ಟು ಮಾತ್ರ. 2021ರ ಆ ಮೊದಲ ವಿಮಾನ ಧ್ರುವದ ಮೇಲಿಂದಲೇ ಬಂದದ್ದು ಸಾಹಸಕ್ಕಾಗಿ ಅಷ್ಟೇ ಅಲ್ಲ, ಲೆಕ್ಕಕ್ಕೂ ಅದು ಕೂಡಿಬರುತ್ತಿತ್ತು.

ಹಾಗಂತ ದಾರವಿದ್ದಂತೆ ಹಾರಲು ಬರುವುದಿಲ್ಲ. ಟಿಬೆಟ್ಟನ್ನೇ ನೋಡಿ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ತಡಮಾಡದೆ ಹತ್ತು ಸಾವಿರ ಅಡಿಗೆ ಇಳಿಸಬೇಕು, ಜನ ಉಸಿರಾಡಬೇಕಲ್ಲ. ತಲೆಯ ಮೇಲಿಂದ ಜೋತುಬೀಳುವ ಆಮ್ಲಜನಕದ ಮುಖವಾಡ ನಡೆಯುವುದು ಹದಿನೈದು ನಿಮಿಷದ ಆಸುಪಾಸು. ಟಿಬೆಟ್ಟಿನ ನೆಲವೇ ಹದಿನಾಲ್ಕು ಹದಿನೈದು ಸಾವಿರ ಅಡಿಯ ಮೇಲಿದೆ, ಇಳಿಯುವುದು ಎಲ್ಲಿಗೆ? ಹಾಗಾಗಿ ಆ ಹರವನ್ನು ವಿಮಾನಗಳು ಆದಷ್ಟು ಬಳಸಿ ಹೋಗುತ್ತವೆ. ಧ್ರುವದ ಕಡೆ ಬೇರೆ ತಾಪತ್ರಯ. ವಿಮಾನದ ಎಣ್ಣೆ ಸೊನ್ನೆಗಿಂತ 47 ಡಿಗ್ರಿ ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಹಾರಬೇಕು.

ಹೋಗುವುದಕ್ಕೆ ಹದಿನಾರು ತಾಸು, ಬರುವುದಕ್ಕೆ ಹದಿನೇಳೂಮುಕ್ಕಾಲು. ದೂರ ಅಷ್ಟೇ ಇದ್ದಮೇಲೆ ಈ ವ್ಯತ್ಯಾಸ ಯಾಕೆ? ಇಲ್ಲಿ ಪಕ್ಕದ ಮನೆಯ ಹುಡುಗ ಬಾಯಿ ಹಾಕಿದ: “ಭೂಮಿ ತಿರಗತೈತೆಲ್ರಿ ಸರ್, ವಿಮಾನ ಮ್ಯಾಲೆ ಸುಮ್ನ ನಿಂತ್ರ ಅಮೆರಿಕಾನ ಕೆಳಗ ಬರಬೇಕಲ್ರಿ?” ನಮ್ಮ ಜಿಲ್ಲೆ ಗಂಟೆಗೆ 1,600 ಕಿಲೋಮೀಟರಿನಂತೆ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಕುಷ್ಟಗಿ ಬಸ್ಸಿನೊಳಗೆ ಹಾರಾಡುವ ನೊಣ ಹಿಂದಿನ ಗಾಜಿಗೆ ಬಡಿದುಕೊಳ್ಳುವುದಿಲ್ಲ, ಬಸ್ಸಿನ ಜೊತೆ ಕುಷ್ಟಗಿಗೇ ಬರುತ್ತದೆ. ಟಿಕೇಟು ಮಾತ್ರ ತೆಗೆಸುವುದಿಲ್ಲ.

ವ್ಯತ್ಯಾಸ ತರುವುದು ಮೇಲಿನ ಗಾಳಿ. ಒಂಬತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಮುಖ್ಯವಾಗಿ ಸಮಶೀತೋಷ್ಣ ವಲಯದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯಿದೆ. ಜೆಟ್ ಸ್ಟ್ರೀಮ್ ಎಂದು ಹೆಸರು. ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರು ವೇಗ ಅದಕ್ಕೆ ಸಾಮಾನ್ಯ. ಇದನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ. ಲೋಕಕ್ಕೆಲ್ಲ ತಿಳಿಯಲಿ ಎಂದು ಅವರು ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಬರೆದರು. ಲೋಕ ಓದಲೇ ಇಲ್ಲ. 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ವಿಮಾನಗಳು ಆ ಗಾಳಿಗೆ ಸಿಕ್ಕು ಗುರಿ ತಪ್ಪಿದಾಗಲೇ ಅದರ ಬಿಸಿ ಮುಟ್ಟಿದ್ದು. ತಮ್ಮ ಭಾಷೆ ಯಾರೂ ಓದುವುದಿಲ್ಲವೆಂದು ಕೊರಗುವ ಕನ್ನಡ ಲೇಖಕರಿಗೆ ಓಯಿಶಿಯ ಕಥೆ ಒಂದು ಸಮಾಧಾನವೋ ಎಚ್ಚರಿಕೆಯೋ, ನನಗಂತೂ ತೀರ್ಮಾನಿಸಲು ಆಗಿಲ್ಲ.

2020ರ ಫೆಬ್ರುವರಿಯಲ್ಲಿ ಇದೇ ಗಾಳಿಯ ಬೆನ್ನೇರಿದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ತಾಸೂ ತೆಗೆದುಕೊಳ್ಳದೆ, 4 ತಾಸು 56 ನಿಮಿಷಕ್ಕೆ ಬಂದಿತ್ತು. ಮಾಮೂಲಿ ದಿನ ಆರು ತಾಸಿನ ಮೇಲೇ ಬೇಕು. ಬೆಂಗಳೂರಿನಿಂದ ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಹಾರಿದರೆ ದಾರಿ ಉದ್ದವಾದರೂ ಗಾಳಿ ಹಿಂದಿನಿಂದ ತಳ್ಳುತ್ತದೆ. ಬರುವಾಗ ಅದೇ ದಾರಿ ಹಿಡಿದರೆ ಎದುರುಗಾಳಿ. ಹೀಗಾಗಿ ಹೋಗುವುದಕ್ಕೊಂದು ದಾರಿ, ಬರುವುದಕ್ಕೊಂದು ದಾರಿ. ಯಾವ ದಿನ ಯಾವುದು ಎಂದು ಗಾಳಿಯ ಮುನ್ಸೂಚನೆ ನೋಡಿ ಅವತ್ತವತ್ತೇ ತೀರ್ಮಾನ. ಬೋಯಿಂಗ್ 777ರ ಈ ದೂರದ ಮಾದರಿಗೆ ಒಂದು ಲಕ್ಷ ಎಂಬತ್ತು ಸಾವಿರ ಲೀಟರಿನಷ್ಟು ಎಣ್ಣೆ ಹಿಡಿಯುತ್ತದೆ. ಆ ಎಣ್ಣೆಯ ಭಾರ ಹೊರುವುದಕ್ಕೇ ಒಂದಿಷ್ಟು ಎಣ್ಣೆ ಸುಡುವುದರಿಂದ ಅರ್ಧ ತಾಸಿನ ಉಳಿತಾಯವೂ ವಿಮಾನ ಕಂಪನಿಗೆ ದೊಡ್ಡದು.

ಗಾಳಿಯ ಮುನಿಸು ಒಂದು ದಿನದ್ದು. ಗಡಿಯ ಮುನಿಸು ತಿಂಗಳುಗಟ್ಟಲೆ. ಇದನ್ನು ಗಂಗಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹೆಚ್ಚು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಎದುರಿಗೆ ಕಾಣುವ ಕಂಪ್ಲಿಗೆ ಹೋಗಲು ಆನೆಗೊಂದಿ ಕಡೆಗೆ ತಿರುಗಿ, ಕಡೇಬಾಗಿಲು–ಬುಕ್ಕಸಾಗರ ಸೇತುವೆ ದಾಟಿ ಸುತ್ತುವರಿದು ಹೋಗಬೇಕು. ಊರು ಇದ್ದಲ್ಲೇ ಇದೆ, ನೇರ ದೂರ ಒಂದು ಗೇಣೂ ಹೆಚ್ಚಾಗಿಲ್ಲ, ಹೊತ್ತು ಮಾತ್ರ ಹಿಗ್ಗಿತು.

ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಆದದ್ದು ಇದೇ. ಹುಬ್ಬಳ್ಳಿಯಿಂದ ದಿಲ್ಲಿಗೆ ನೇರ ದೂರ ಸುಮಾರು 1,500 ಕಿಲೋಮೀಟರು. ದಿಲ್ಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟಿಗೂ ಹೆಚ್ಚುಕಡಿಮೆ ಅಷ್ಟೇ, ನೂರು ಕಿಲೋಮೀಟರು ಜಾಸ್ತಿ ಇರಬಹುದು. ಮೊದಲನೆಯದಕ್ಕೆ ಇಂಡಿಗೊ ವಿಮಾನ ಎರಡೂವರೆ ತಾಸಿನಲ್ಲಿ ಹೋಗಿಬಿಡುತ್ತದೆ. ಎರಡನೆಯದನ್ನು ಅದೇ ಕಂಪನಿ ಏಪ್ರಿಲ್ ಕೊನೆಯಲ್ಲಿ ನಿಲ್ಲಿಸಬೇಕಾಯಿತು, ಸುತ್ತುದಾರಿಯಲ್ಲಿ ಅದರ ವಿಮಾನಗಳಿಗೆ ಆ ಊರು ನಿಲುಕದಾಯಿತು. 2019ರಲ್ಲೂ ಬಾಲಾಕೋಟ್ ದಾಳಿಯ ನಂತರ ಜುಲೈವರೆಗೆ ಇದೇ ಪಾಡಿತ್ತು. ಇನ್ನು ರಷ್ಯದ್ದು. ಯುಕ್ರೇನ್ ಯುದ್ಧ ಶುರುವಾದ 2022ರಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ಅಲ್ಲಿಯ ಆಕಾಶ ಮುಚ್ಚಿದೆ, ನಮ್ಮವರಿಗೆ ತೆರೆದಿತ್ತು. 2023ರ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಮೂಡಣ ತುದಿಯ ಮಗದಾನ್ ಎಂಬ ಊರಲ್ಲಿ ಇಳಿದು, 216 ಪ್ರಯಾಣಿಕರು ಅಲ್ಲಿ ಉಳಿಯಬೇಕಾದಾಗಲೇ ನಮ್ಮ ಎಷ್ಟೋ ಜನರಿಗೆ ಅಮೆರಿಕದ ದಾರಿ ಎಲ್ಲಿಂದ ಹೋಗುತ್ತದೆ ಎಂದು ಗೊತ್ತಾದದ್ದು.

ಇಷ್ಟೆಲ್ಲ ಕೇಳಿ ಅಮ್ಮ ಅಂದರು, “ರಾಮದೇವರ ಪುಷ್ಪಕ ವಿಮಾನಕ್ಕ ಇಂಥಾ ತ್ರಾಸ ಇರಲಿಲ್ಲ ಬಿಡ್ರಿ.” ಇರಲಿಲ್ಲ. ಆದರೆ ಅದೂ ನಡುವೆ ಇಳಿಯದ ವಿಮಾನವಾಗಿರಲಿಲ್ಲ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಲಂಕೆಯಿಂದ ಅಯೋಧ್ಯೆಗೆ ಹೊರಟ ಪುಷ್ಪಕ ಕಿಷ್ಕಿಂಧೆಯಲ್ಲಿ ನಿಲ್ಲುತ್ತದೆ, ತಾರೆ ಮತ್ತು ವಾನರ ಸ್ತ್ರೀಯರನ್ನೂ ಕರೆದುಕೊಂಡು ಹೋಗೋಣವೆಂದು ಸೀತೆ ಕೇಳಿದ್ದಕ್ಕೆ. ಆನೆಗೊಂದಿಯೇ ಕಿಷ್ಕಿಂಧೆ ಎಂದು ನಂಬುವ ನಮಗೆ ಇದರಲ್ಲಿ ಒಂದು ಹೆಮ್ಮೆಯಿದೆ: ಗಂಗಾವತಿ ತಾಲ್ಲೂಕಿನಲ್ಲಿ ಆಗ ವಿಮಾನ ಇಳಿದು, ಜನ ಹತ್ತಿಸಿಕೊಂಡು ಹೋಗಿತ್ತು.

ಈಗ? ಗಂಗಾವತಿಯಿಂದ ತೋರಣಗಲ್ಲಿನ ವಿದ್ಯಾನಗರದ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ ಮೂವತ್ತು ಕಿಲೋಮೀಟರು ಚಿಲ್ಲರೆ, ನಡುವೆ ಹೊಳೆ. ಕೊಪ್ಪಳದಿಂದ ಹುಬ್ಬಳ್ಳಿ ನಿಲ್ದಾಣ ರಸ್ತೆಯಲ್ಲಿ ನೂರಹದಿನೈದರ ಆಜೂಬಾಜು. ಕೊಪ್ಪಳದ ಮಗ್ಗುಲಲ್ಲೇ ಖಾಸಗಿ ಕಂಪನಿಯ ಏರ್‌ಸ್ಟ್ರಿಪ್ ಇದೆ, ಸಣ್ಣ ಊರುಗಳಿಗೂ ವಿಮಾನ ಎಂಬ ‘ಉಡಾನ್’ ಯೋಜನೆಯ ಪಟ್ಟಿಯಲ್ಲಿ ಕೊಪ್ಪಳದ ಹೆಸರು ಬಂದು ವರ್ಷಗಳೇ ಆದವು. ಆ ಯೋಜನೆ ಶುರುವಾದಾಗ ಐನೂರು ಕಿಲೋಮೀಟರಿಗೆ, ಅಂದರೆ ಒಂದು ತಾಸಿನ ಹಾರಾಟಕ್ಕೆ, 2,500 ರೂಪಾಯಿ ಎಂದು ದರ ಕಟ್ಟಿದ್ದರು. ದೂರ, ಹೊತ್ತು, ದುಡ್ಡು ಮೂರನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ ಅಚ್ಚುಕಟ್ಟಾದ ಲೆಕ್ಕ ಅದು. ನಮ್ಮಲ್ಲಿ ಲೆಕ್ಕವಷ್ಟೇ ಬಂದಿದೆ.

ಅಮೆರಿಕದ ದೊಡ್ಡ ವಿಮಾನ ಇಲ್ಲಿಗೆ ಬರುವ ಮಾತಿಲ್ಲ, ಅಷ್ಟು ಭಾರ ಹೊತ್ತು ಏರಲು ಬೆಂಗಳೂರಿನಲ್ಲಿರುವಂಥ ನಾಲ್ಕು ಕಿಲೋಮೀಟರಿನ ರನ್‌ವೇ ಬೇಕು. ಆದರೂ ಒಂದು ಲೆಕ್ಕ ಹಾಕದೆ ಇರಲಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಾರ ಜಗ್ಗಿ ಅಳೆದರೆ ಬೆಂಗಳೂರು ನಿಲ್ದಾಣಕ್ಕಿಂತ ಕೊಪ್ಪಳ ಸುಮಾರು 170 ಕಿಲೋಮೀಟರು ಹತ್ತಿರ! ಮೊಮ್ಮಗ ನಮ್ಮ ಜಿಲ್ಲೆಯ ಮಟ್ಟ ದಾಟಿ ದಕ್ಷಿಣಕ್ಕೆ ಹೋಗಿ ಇಳಿದು, ಮತ್ತೆ ಉತ್ತರಕ್ಕೆ ಬರಬೇಕು. ಬೆಂಗಳೂರು ನಿಲ್ದಾಣವಿರುವ ದೇವನಹಳ್ಳಿಯಿಂದ ಯಲಬುರ್ಗಾಕ್ಕೆ ನೇರ ದೂರ 325 ಕಿಲೋಮೀಟರು ಆದೀತು. ಅವನು ಕೂತುಬಂದ ವಿಮಾನಕ್ಕೆ ಅದು ಅರ್ಧ ತಾಸೂ ಅಲ್ಲ. ಪಾಸ್‌ಪೋರ್ಟಿನ ಸಾಲು, ಬ್ಯಾಗಿನ ಕಾಯುವಿಕೆ ಮುಗಿಸಿ ಕಾರು ಹತ್ತಿದರೆ ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕೊಪ್ಪಳ ಎಂದು ಏಳೆಂಟು ತಾಸು. ರೈಲೆಂದರೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್. ಅದಂತೂ ಕರ್ನಾಟಕದಿಂದ ಕರ್ನಾಟಕಕ್ಕೆ ಬರಲು ಆಂಧ್ರದ ಅನಂತಪುರ, ಗುಂತಕಲ್ ಸುತ್ತಿ ಬರುತ್ತದೆ. ಯಾವ ಆಕಾಶ ಮುಚ್ಚಿದ್ದಕ್ಕೋ ಏನೋ. ಅದನ್ನು ಹಿಡಿದರೆ ಕೊಪ್ಪಳ ಕಾಣುವುದು ಮಂಗಳವಾರ ಮುಂಜಾನೆ. ಗದಗ–ವಾಡಿ ಮಾರ್ಗದ ಕೃಪೆಯಿಂದ 2025ರಲ್ಲಿ ಕುಷ್ಟಗಿಗೂ ರೈಲು ಬಂದಿದೆ, ಆದರೆ ಅದು ಹುಬ್ಬಳ್ಳಿಯ ಕಡೆಯದು.

ಸೂಜಿ ಕಿತ್ತು ದಾಳಿಂಬೆಯನ್ನು ಹುಡುಗನ ಕೈಗೆ ಕೊಟ್ಟೆ. ಅಮ್ಮ ಎದ್ದು ಸೀರೆ ಕೊಡವಿಕೊಂಡರು.

“ಅಂದ್ರ ಸೋಮವಾರ ಮಧ್ಯಾಹ್ನನೂ ಬರಬಹುದು, ಸಂಜಿಕೂ ಬರಬಹುದು, ಮಂಗಳವಾರನೂ ಬರಬಹುದು. ಹೌದಿಲ್ರಿ?”

“ಹೌದ್ರಿ ಯವ್ವಾ.”

“ಹಂಗಾರ ಬಿಸಿರೊಟ್ಟಿ ನೆಚ್ಚಗೊಂಡ್ರ ಆಗೂದಿಲ್ಲ. ಐತವಾರ ಮುಂಜಾನೆ ಅವ ಅಲ್ಲಿ ಏರೂ ಹೊತ್ತಿಗೆ ನಾ ಇಲ್ಲಿ ಖಡಕ್ ರೊಟ್ಟಿ ಬಡಿದು ಇಡ್ತೀನಿ.”